ಅಂಗಳದ ಮುಚ್ಚಳದ ಕೆಳಗೆ

ಕೊಳಚೆ ನೀರಿಗೆ ಇಳಿಜಾರು ಬೇಕು. ಬೆಂಗಳೂರಿನ ಒಳಚರಂಡಿ ನಿಂತಿರುವುದೇ ಈ ಒಂದು ಮಾತಿನ ಮೇಲೆ. ಊರು ದಿಬ್ಬದ ಮೇಲಿದೆ, ದಿಬ್ಬದ ಮಗ್ಗುಲುಗಳಲ್ಲಿ ವೃಷಭಾವತಿ, ಕೋರಮಂಗಲ–ಚಲ್ಲಘಟ್ಟ, ಹೆಬ್ಬಾಳ ಕಣಿವೆಗಳಿವೆ. ಮನೆಯ ಬಚ್ಚಲಿಂದ ಹೊರಟ ನೀರು ಯಾರೂ ತಳ್ಳದೆ ತಾನಾಗಿ ಆ ಕಣಿವೆಗಳ ಕಡೆ ಹರಿದುಹೋಗುತ್ತದೆ. ಹೊಲಸು ತಳ ಹಿಡಿಯದೆ ಸಾಗಬೇಕಾದರೆ 8 ಇಂಚಿನ ಕೊಳವೆಯನ್ನು ನೂರು ಮೀಟರಿಗೆ ಸುಮಾರು 40 ಸೆಂಟಿಮೀಟರಿನಂತೆ ಇಳಿಸುತ್ತ ಹೋಗಬೇಕು. ಒಂದು ಕಿಲೋಮೀಟರ್ ಕಳೆಯುವಷ್ಟರಲ್ಲಿ ಕೊಳವೆ 4 ಮೀಟರ್ ಆಳಕ್ಕೆ ಹೋಗಿರುತ್ತದೆ. ನೆಲವೇ ಇಳಿಯುತ್ತಿದ್ದರೆ ಕಷ್ಟವಿಲ್ಲ. ನೆಲ ಸಮತಟ್ಟಾಗಿದ್ದರೆ, ಅಡಿಯಲ್ಲಿ ಬಂಡೆಯಿದ್ದರೆ, ಎರಡು ಮೊಳ ಅಗೆದರೆ ನೀರು ಜಿನುಗುವ ಕೆರೆದಂಡೆಯಾಗಿದ್ದರೆ, ಅಥವಾ ಮನೆ ರಸ್ತೆಗಿಂತ ತಗ್ಗಿನಲ್ಲಿದ್ದರೆ ಲೆಕ್ಕ ಕೆಡುತ್ತದೆ.

ನಾವು ಇರುವುದು ಅಂಥ ಒಂದು ಮನೆಯಲ್ಲಿ. ಅಮೆರಿಕದ ನ್ಯೂಯಾರ್ಕ್ ರಾಜ್ಯದ ಉತ್ತರ ಭಾಗದಲ್ಲಿ, ಒಂದು ಸರೋವರದ ಪಕ್ಕ. ರಸ್ತೆ ಮೇಲಿದೆ, ಮನೆ ಕೆಳಗಿದೆ, ಮನೆಯಿಂದಾಚೆ ನೀರು. ಹಿಂದೆ ಇಲ್ಲಿ ಮನೆಮನೆಗೂ ಸೆಪ್ಟಿಕ್ ಟ್ಯಾಂಕ್ ಇತ್ತು. ದಂಡೆಯ ತೆಳು ಮಣ್ಣು ಹೊಲಸನ್ನು ಸೋಸಲಾರದೆ ಸರೋವರಕ್ಕೇ ಬಿಡುತ್ತಿತ್ತು; ಬೇಸಿಗೆಯಲ್ಲಿ ನೀರಿನ ಮೇಲೆ ಹಸಿರು ಪಾಚಿ ಕಟ್ಟುತ್ತಿತ್ತು. ಅಮೆರಿಕದ ಸರೋವರ ತೀರದ ನೂರಾರು ಊರುಗಳ ಕಥೆ ಇದು. ಪರಿಹಾರವಾಗಿ ಬಂದದ್ದು ಅಂಗಳದಲ್ಲಿ ಹೂತಿಟ್ಟ ಒಂದು ತೊಟ್ಟಿ, ಅದರೊಳಗೊಂದು ಯಂತ್ರ. ಅದಕ್ಕೆ ಗ್ರೈಂಡರ್ ಪಂಪ್ ಎನ್ನುತ್ತಾರೆ. ಹುಲ್ಲಿನ ನಡುವೆ ಕಾಣುವುದು ಹಸಿರು ಬಣ್ಣದ ದುಂಡು ಮುಚ್ಚಳ, ಗೋಡೆಯ ಮೇಲೆ ಕೆಂಪು ದೀಪವಿರುವ ಪುಟ್ಟ ಪೆಟ್ಟಿಗೆ. ಅಷ್ಟೆ.

ಈ ಯಂತ್ರ ಹುಟ್ಟಿದ್ದು ನಮ್ಮ ಸೀಮೆಯಲ್ಲೇ. ಅಮೆರಿಕದ ಹಳೆಯ ನಗರಗಳಲ್ಲಿ ಮಳೆನೀರಿಗೂ ಕಕ್ಕಸಿನ ನೀರಿಗೂ ಒಂದೇ ದೊಡ್ಡ ಕೊಳವೆ. ಜೋರು ಮಳೆ ಬಂದರೆ ಎರಡೂ ಸೇರಿ ಉಕ್ಕಿ ನದಿಗೆ ಬೀಳುತ್ತಿದ್ದವು. ಆ ದೊಡ್ಡ ಕೊಳವೆಯೊಳಗೇ ಒಂದು ಸಣ್ಣ ಕೊಳವೆ ತೂರಿಸಿ, ಹೊಲಸನ್ನು ಅರೆದು ಒತ್ತಡದಿಂದ ಅದರಲ್ಲಿ ಕಳಿಸೋಣ ಎಂದವರು ಹಾರ್ವರ್ಡ್ ವಿಶ್ವವಿದ್ಯಾಲಯದ ಪ್ರಾಧ್ಯಾಪಕ ಗಾರ್ಡನ್ ಫೇರ್. 1960ರ ದಶಕದಲ್ಲಿ ಅಮೆರಿಕದ ಸಿವಿಲ್ ಎಂಜಿನಿಯರುಗಳ ಸಂಘ ಈ ಯೋಚನೆಯನ್ನು ಕೈಗೆತ್ತಿಕೊಂಡಿತು. ಮನೆಗೊಂದರಂತೆ ಇಡಬಹುದಾದ ಅರೆಯುವ ಪಂಪನ್ನು ಅದಕ್ಕಾಗಿ ಜನರಲ್ ಎಲೆಕ್ಟ್ರಿಕ್ ಕಂಪನಿಯ ಎಂಜಿನಿಯರುಗಳು ರೂಪಿಸಿದರು. ಕೊಳವೆಯೊಳಗಿನ ಕೊಳವೆ ನಗರಗಳಲ್ಲಿ ನೆಲೆ ಕಾಣಲಿಲ್ಲ. ಯಂತ್ರ ಮಾತ್ರ ಉಳಿಯಿತು. 1969ರಲ್ಲಿ ಸ್ಕೆನೆಕ್ಟಡಿ ಊರಿನ ಬಳಿ ಎನ್ವಿರಾನ್‌ಮೆಂಟ್ ಒನ್ ಎಂಬ ಕಂಪನಿ ಹುಟ್ಟಿ ಅದನ್ನು ಮಾರಾಟಕ್ಕಿಟ್ಟಿತು. 1970ರ ದಶಕದ ಮೊದಲಲ್ಲಿ ಆಲ್ಬನಿಯ ಸಾಲುಮನೆಗಳಲ್ಲಿ ಪರೀಕ್ಷೆ ನಡೆಯಿತು. 1972ರ ಶುದ್ಧ ನೀರಿನ ಕಾಯಿದೆಗೆ 1977ರಲ್ಲಿ ತಿದ್ದುಪಡಿಯಾಗಿ ಇಂಥ ಬದಲಿ ವ್ಯವಸ್ಥೆಗಳಿಗೆ ಸರಕಾರದ ಹೆಚ್ಚಿನ ಹಣ ಸಿಗತೊಡಗಿದ ಮೇಲೆ ಸಣ್ಣ ಊರುಗಳು ಇದರ ಕಡೆ ತಿರುಗಿದವು.

ಕೆಲಸ ಮಾಡುವ ರೀತಿ ಸರಳ. ಸ್ನಾನ, ಅಡುಗೆ, ಬಟ್ಟೆ, ಕಮೋಡು ಎಲ್ಲದರ ನೀರೂ ತೊಟ್ಟಿಗೆ ಬೀಳುತ್ತದೆ. ಒಂದು ಮನೆಯ ತೊಟ್ಟಿಯಲ್ಲಿ ಸುಮಾರು 265 ಲೀಟರ್ ಹಿಡಿಸುತ್ತದೆ. ನೀರು ಗೊತ್ತುಮಾಡಿದ ಮಟ್ಟಕ್ಕೆ ಏರಿದಾಗ ಮೋಟಾರು ತಾನಾಗಿ ಶುರುವಾಗುತ್ತದೆ. ಗಟ್ಟಿ ಉಕ್ಕಿನ ಹಲ್ಲುಗಳು ಬಂದದ್ದನ್ನೆಲ್ಲ ನುಣ್ಣಗೆ ಅರೆಯುತ್ತವೆ. ಅರೆದದ್ದನ್ನು ರಬ್ಬರಿನ ಗೂಡಿನೊಳಗೆ ತಿರುಗುವ ತಿರುಪಿನಂಥ ಉಕ್ಕಿನ ದಂಡ ಮುಂದಕ್ಕೆ ಒತ್ತುತ್ತದೆ. ಹೊರಗೆ ಹೋಗುವ ಕೊಳವೆ ಒಂದೂಕಾಲು ಇಂಚಿನದು, ತೋಟಕ್ಕೆ ನೀರು ಹಾಯಿಸುವ ಪೈಪಿಗಿಂತ ತುಸುವೇ ದಪ್ಪ. ಮೋಟಾರು ಒಂದು ಅಶ್ವಶಕ್ತಿಯದು. ಆದರೂ 50 ಮೀಟರ್ ಎತ್ತರದವರೆಗೆ ಹೊಲಸನ್ನು ಏರಿಸಬಲ್ಲದು. ಎರಡು ನಿಮಿಷ, ಮೂರು ನಿಮಿಷ ಓಡಿ ಸುಮ್ಮನಾಗುತ್ತದೆ. ಒಳಗೆ ಕುಳಿತವರಿಗೆ ಸದ್ದೂ ಕೇಳುವುದಿಲ್ಲ. ಹೋದದ್ದು ಮರಳಿ ಬಾರದಂತೆ ಕವಾಟಗಳಿವೆ. ಕೊಳವೆಗೆ ಇಳಿಜಾರು ಬೇಡವಾದ್ದರಿಂದ ಅದು ನೆಲದ ಏರುತಗ್ಗನ್ನೇ ಅನುಸರಿಸಿ ಹೋಗಬಹುದು. ಚಳಿಗಾಲದಲ್ಲಿ ಹೆಪ್ಪುಗಟ್ಟದಷ್ಟು ಆಳದಲ್ಲಿದ್ದರೆ ಸಾಕು.

ಯಂತ್ರದ ಮಾತು ಇಷ್ಟು ಸಾಕು. ಅದರ ಜೊತೆ ಬಾಳುವುದು ಅಡುಗೆಮನೆಯ ಮತ್ತು ಬಚ್ಚಲಿನ ವಿಷಯ. ಅಲ್ಲಿ ಕನ್ನಡದ ಮನೆಗೆ ಅದರದೇ ತೊಡಕುಗಳಿವೆ; ಕಂಪನಿಯವರು ಕೊಡುವ ಕೈಪಿಡಿಯಲ್ಲಿ ಅವು ಬರೆದಿರುವುದಿಲ್ಲ.

ಮೊದಲನೆಯದು ಜಿಡ್ಡು. ಹಬ್ಬದ ದಿನ ಕರಿದ ಎಣ್ಣೆ, ಒಬ್ಬಟ್ಟು ಬೇಯಿಸಿದ ಕಾವಲಿಯ ತುಪ್ಪ, ಒಗ್ಗರಣೆ ಸೌಟಿನ ತಳ. ಬಿಸಿನೀರು ಬಿಟ್ಟರೆ ಹೋಗುತ್ತದೆ ಎಂದು ಎಲ್ಲರೂ ತಿಳಿದಿರುತ್ತಾರೆ. ಸಿಂಕಿನಿಂದ ಹೋಗುವುದು ನಿಜ. ಆದರೆ ಹೋಗಿ ಸೇರುವುದು ನೆಲದೊಳಗಿನ ತಣ್ಣನೆಯ ತೊಟ್ಟಿಗೆ. ಜನವರಿಯಲ್ಲಿ ಇಲ್ಲಿನ ಮಣ್ಣು ಮಂಜುಗಡ್ಡೆಯಾಗಿರುತ್ತದೆ. ತುಪ್ಪ ತೊಟ್ಟಿ ಮುಟ್ಟಿದ ಕೂಡಲೇ ಗಟ್ಟಿಯಾಗಿ ನೀರಿನ ಮೇಲೆ ಪದರ ಕಟ್ಟುತ್ತದೆ, ಗೋಡೆಗೆ ಹತ್ತುತ್ತದೆ, ನೀರಿನ ಮಟ್ಟ ಅಳೆಯುವ ಸಾಧನಕ್ಕೂ ಮೆತ್ತಿಕೊಳ್ಳುತ್ತದೆ. ಆಗ ಪಂಪಿಗೆ ತೊಟ್ಟಿ ತುಂಬಿದ್ದೂ ತಿಳಿಯದು, ಬರಿದಾದದ್ದೂ ತಿಳಿಯದು. ಪಂಪ್ ಕೆಡುವುದಕ್ಕೆ ಹಲ್ಲು ಸವೆಯಬೇಕಿಲ್ಲ, ಜಿಡ್ಡು ಸಾಕು. ನಮ್ಮ ಮನೆಯಲ್ಲಿ ಕರಿದ ಎಣ್ಣೆ ತಣಿದ ಮೇಲೆ ಡಬ್ಬಿಗೆ ಹೋಗುತ್ತದೆ, ಡಬ್ಬಿ ಕಸಕ್ಕೆ. ಬಾಣಲೆ, ಕಾವಲಿಗಳನ್ನು ಕಾಗದದಿಂದ ಒರೆಸಿ ಆಮೇಲೆ ತೊಳೆಯುತ್ತೇವೆ.

ಎರಡನೆಯದು ನಾರು. ಅರೆಯುವ ಹಲ್ಲಿಗೆ ಗಟ್ಟಿ ಪದಾರ್ಥಕ್ಕಿಂತ ಉದ್ದನೆಯದೇ ಶತ್ರು. ತೆಂಗಿನಕಾಯಿ ಜುಂಗು, ಅಗಿದು ಬಿಟ್ಟ ನುಗ್ಗೆಕಾಯಿ, ಬಾಳೆದಿಂಡು ಹೆಚ್ಚುವಾಗ ಬೆರಳಿಗೆ ಸುತ್ತಿ ತೆಗೆಯುವ ನೂಲು, ದೇವರ ಹೂವಿನ ದಾರ, ಎಲ್ಲಕ್ಕಿಂತ ಮಿಗಿಲಾಗಿ ನಮ್ಮ ಹೆಂಗಸರ ಉದ್ದ ಕೂದಲು. ಇವು ಕತ್ತರಿಸಿಕೊಳ್ಳದೆ ಸುತ್ತಿಕೊಳ್ಳುತ್ತವೆ. ಕಾಫಿ ಗಸಿಯೂ ಹೋಗಬಾರದು. ಅದು ಅರೆಯಲ್ಪಡದೆ ತಳದಲ್ಲಿ ಕೂರುತ್ತದೆ. ಊರಿನ ಮನೆಯಲ್ಲಿ ಕಲಗಚ್ಚು ಹಸುವಿಗೆ, ಬಚ್ಚಲ ನೀರು ಬಾಳೆ ಬುಡಕ್ಕೆ, ಸಿಪ್ಪೆ ತಿಪ್ಪೆಗೆ ಎಂದು ಒಂದೊಂದಕ್ಕೂ ಒಂದೊಂದು ದಾರಿಯಿತ್ತು. ಎಲ್ಲವನ್ನೂ ಒಂದೇ ತೂತಿಗೆ ಸುರಿಯುವುದನ್ನು ನಾವು ಕಲಿತದ್ದು ಈಚೆಗೆ. ಆ ಹಳೆಯ ವಿಂಗಡಣೆಯನ್ನು ಇಲ್ಲಿ ಮತ್ತೆ ಮಾಡಿಕೊಂಡಿದ್ದೇವೆ. ಹೂವು, ಸಿಪ್ಪೆ, ಗಸಿ ಅಂಗಳದ ಗೊಬ್ಬರದ ಪೆಟ್ಟಿಗೆಗೆ.

ಮೂರನೆಯದು ಒರೆಸುವ ಬಟ್ಟೆ, ಅಂದರೆ ವೈಪ್ಸ್. ಹಸುಗೂಸಿರುವ ಮನೆಯಲ್ಲಿ ಇವಕ್ಕೆ ಲೆಕ್ಕವಿಲ್ಲ. ಕೆಲವು ಪೊಟ್ಟಣಗಳ ಮೇಲೆ ಕಮೋಡಿಗೆ ಹಾಕಬಹುದು ಎಂದು ಬರೆದಿರುತ್ತದೆ. ಟಾಯ್ಲೆಟ್ ಪೇಪರ್ ನೀರಿನಲ್ಲಿ ಬಿಡಿಬಿಡಿಯಾಗುತ್ತದೆ. ವೈಪ್ಸ್‌ಗಳಲ್ಲಿ ಹಲವು ಪ್ಲಾಸ್ಟಿಕ್ ಎಳೆಗಳಿಂದ ಮಾಡಿದವು, ಹಾಗೆ ಆಗುವುದಿಲ್ಲ. 2015ರಲ್ಲಿ ಮಿನೆಸೋಟ ರಾಜ್ಯದ ವಯೋಮಿಂಗ್ ಎಂಬ ಪುಟ್ಟ ಊರು, ತನ್ನ ಪಂಪುಗಳು ಇವುಗಳಿಂದ ಕಟ್ಟಿಕೊಳ್ಳುತ್ತಿವೆ ಎಂದು ತಯಾರಕ ಕಂಪನಿಗಳ ಮೇಲೆ ಮೊಕದ್ದಮೆ ಹೂಡಿತು. 2017ರಲ್ಲಿ ಲಂಡನ್ನಿನ ವೈಟ್‌ಚಾಪೆಲ್‌ನ ಒಳಚರಂಡಿಯಲ್ಲಿ ಜಿಡ್ಡೂ ವೈಪ್ಸೂ ಹೆಣೆದುಕೊಂಡು 250 ಮೀಟರ್ ಉದ್ದದ, 130 ಟನ್ ತೂಕದ ಗಟ್ಟಿ ಸಿಕ್ಕಿತು. ನಗರದ ಚರಂಡಿಗೇ ಆ ಗತಿಯಾದರೆ ಮನೆಯ ಪಂಪ್ ಎಷ್ಟರದು? ಡೈಪರ್, ಪ್ಯಾಡ್, ಹಲ್ಲಿನ ಸಂದಿ ಶುಚಿ ಮಾಡುವ ದಾರ ಯಾವುದಕ್ಕೂ ಕಮೋಡು ಜಾಗವಲ್ಲ. ನಮ್ಮ ಬಚ್ಚಲಲ್ಲಿ ಮುಚ್ಚಳವಿರುವ ಕಸದ ಬುಟ್ಟಿಯಿದೆ, ಅದರ ಮೇಲೆ ಕನ್ನಡದಲ್ಲೂ ಇಂಗ್ಲಿಷಿನಲ್ಲೂ ಬರೆದ ಚೀಟಿಯಿದೆ. ಬಂದ ನೆಂಟರು ಯಾರೂ ಅದಕ್ಕೆ ಬೇಸರಪಟ್ಟಿಲ್ಲ.

ಇನ್ನುಳಿದ ಪಾಲನೆ ಸಣ್ಣದು. ಸೂರಿನ ಮಳೆನೀರನ್ನು, ನೆಲಮಾಳಿಗೆಯ ಒಸರನ್ನು ಇದಕ್ಕೆ ಜೋಡಿಸಬಾರದು. ಮುಚ್ಚಳದ ಮೇಲೆ ಮಣ್ಣು ಏರಿಸಿ ಗಿಡ ನೆಡಬಾರದು. ಊರಿಗೆ ಹೊರಡುವ ಮುನ್ನ ಕೊಳಾಯಿಯಿಂದ ಒಳ್ಳೆಯ ನೀರು ಬಿಟ್ಟು ಪಂಪ್ ಓಡುವವರೆಗೆ ಕಾಯಬೇಕು. ಹೊಲಸು ತೊಟ್ಟಿಯಲ್ಲೇ ನಿಂತರೆ ಕೊಳೆತು ನಾರುತ್ತದೆ. ವಿದ್ಯುತ್ ಸ್ವಿಚ್ಚು ಮಾತ್ರ ಆರಿಸಬಾರದು. ಇಷ್ಟು ನಡೆಸಿಕೊಂಡರೆ ಎಂಟು ಹತ್ತು ವರ್ಷ ರಿಪೇರಿಯಿಲ್ಲದೆ ಓಡುವ ಪಂಪುಗಳು ಅಪರೂಪವಲ್ಲ.

ಕರೆಂಟು ಹೋದಾಗಿನ ಪಾಡು ಬೇರೆ. ಹಿಮದ ಬಿರುಗಾಳಿಗೆ ಮರ ಬಿದ್ದು ತಂತಿ ಹರಿದರೆ ಇಲ್ಲಿ ಒಂದೆರಡು ದಿನ ಕತ್ತಲೆ. ಇಳಿಜಾರಿನ ಚರಂಡಿಗೆ ಅದರ ಪರಿವೆಯಿಲ್ಲ. ನಮ್ಮ ಪಂಪ್ ಆ ಕ್ಷಣದಿಂದ ಬರೀ ಕಬ್ಬಿಣ. ತೊಟ್ಟಿಯಲ್ಲಿ ಉಳಿದ ಜಾಗವೇ ನಮ್ಮ ಪಾಲು. ಟಬ್ಬು ತುಂಬಿಸಿ ಒಬ್ಬರು ಸ್ನಾನ ಮಾಡಿದರೆ ಆ ಜಾಗ ಮುಗಿದಂತೆ. ಕಮೋಡಿನ ಒಂದು ಫ್ಲಶ್‌ಗೆ 6 ಲೀಟರ್. ಅದಕ್ಕಷ್ಟೇ ಬಳಸಿದರೆ ದಿನ ತಳ್ಳಬಹುದು. ಸ್ವಂತ ಬೋರ್‌ವೆಲ್ ಇರುವವರಿಗೆ ಕರೆಂಟಿಲ್ಲದಾಗ ನೀರೂ ಬರುವುದಿಲ್ಲ, ಹಾಗಾಗಿ ತೊಟ್ಟಿಯೂ ತುಂಬುವುದಿಲ್ಲ. ಊರ ನೀರಿನ ಸಂಪರ್ಕವಿರುವ ಮನೆಗೇ ಅಪಾಯ ಹೆಚ್ಚು, ಕೊಳಾಯಿ ತಿರುಗಿಸಿದರೆ ನೀರು ಎಂದಿನಂತೆ ಬರುತ್ತಲೇ ಇರುತ್ತದಲ್ಲ. ಆ ಹೊತ್ತಿಗೆ ಕೈಹಿಡಿಯುವುದು ನಮ್ಮ ಬಕೆಟ್ಟು, ಚೊಂಬು. ಅರ್ಧ ಬಕೆಟ್ಟಿನಲ್ಲಿ ಮೈತೊಳೆದುಕೊಳ್ಳಬಲ್ಲವರಿಗೆ ಬಿರುಗಾಳಿಯ ದಿನ ದೊಡ್ಡ ಅನುಕೂಲ. ಕರೆಂಟು ಬಂದೊಡನೆ ಬೀದಿಯ ಪಂಪುಗಳೆಲ್ಲ ಒಮ್ಮೆಗೇ ಏಳುತ್ತವೆ. ಕೊಳವೆಯಲ್ಲಿ ಒತ್ತಡ ಏರಿ ಕೆಲವು ಬಿಸಿಯಾಗಿ ತಾವೇ ನಿಲ್ಲುತ್ತವೆ, ತಣಿದ ಮೇಲೆ ಮತ್ತೆ ಓಡುತ್ತವೆ. ಆ ಹೊತ್ತಿನಲ್ಲಿ ಗೋಡೆಯ ಪೆಟ್ಟಿಗೆಯ ಅಲಾರಾಂ ಕೂಗಿದರೆ ಗಾಬರಿಯಾಗಬೇಕಿಲ್ಲ. ಗುಂಡಿ ಒತ್ತಿ ಸದ್ದು ನಿಲ್ಲಿಸಿ, ನೀರು ಬಳಸದೆ ತುಸು ಕಾದರೆ ಸಾಕು.

ಎಲ್ಲರೂ ಇದನ್ನು ಸಂತೋಷದಿಂದ ಒಪ್ಪಿಕೊಂಡಿಲ್ಲ. ಫ್ಲೋರಿಡಾದ ದಕ್ಷಿಣ ತುದಿಯ ಕೀಸ್ ದ್ವೀಪಗಳ ನೆಲವೆಲ್ಲ ತೂತುತೂತಾದ ಸುಣ್ಣದ ಕಲ್ಲು. ಸೆಪ್ಟಿಕ್ ಗುಂಡಿಗಳ ಹೊಲಸು ಸೀದಾ ಹವಳದ ಸಮುದ್ರಕ್ಕೆ ಇಳಿಯುತ್ತಿತ್ತು. 1999ರಲ್ಲಿ ಅಲ್ಲಿನ ಸರಕಾರ ಕೊಳಚೆ ಶುದ್ಧೀಕರಣಕ್ಕೆ ಕಟ್ಟುನಿಟ್ಟಿನ ಕಾನೂನು ತಂದಿತು. ಕಜೋ ದ್ವೀಪದ ಸುತ್ತಿನ ಯೋಜನೆಯಲ್ಲಿ ಹಲವು ಮನೆಗಳಿಗೆ ಗ್ರೈಂಡರ್ ಪಂಪ್ ಇಡಲು ಹೊರಟಾಗ ಜನ ತಿರುಗಿಬಿದ್ದರು. ಗುರುತ್ವಾಕರ್ಷಣೆಗೆ ಕರೆಂಟು ಬೇಡ, ಚಂಡಮಾರುತ ಬಂದರೂ ಅದು ನಿಲ್ಲುವುದಿಲ್ಲ ಎಂಬುದು ಅವರ ವಾದ. ಒಂದು ಗುಂಪಂತೂ ಸರ್ ಐಸಾಕ್ ನ್ಯೂಟನ್ನನ ಹೆಸರನ್ನೇ ಇಟ್ಟುಕೊಂಡಿತ್ತು. 2017ರ ಸೆಪ್ಟೆಂಬರ್ 10ರಂದು ಇರ್ಮಾ ಚಂಡಮಾರುತ ಫ್ಲೋರಿಡಾದ ನೆಲವನ್ನು ಮೊದಲು ಮುಟ್ಟಿದ್ದು ಅದೇ ಕಜೋ ದ್ವೀಪದಲ್ಲಿ. ಅವರ ಆತಂಕ ಹುಸಿಯಾಗಿರಲಿಲ್ಲ. ಇಳಿಜಾರು ಸಿಗುವ ಕಡೆ ಇಳಿಜಾರೇ ಮೇಲು, ಅದು ಸಿಗದ ಕಡೆಗೆ ಮಾತ್ರ ಪಂಪ್ ಎಂದು ನಾನೂ ನಂಬಿದ್ದೇನೆ. ಪಂಪ್ ಯಾರದು ಎಂಬುದೂ ಮೊದಲೇ ತೀರ್ಮಾನವಾಗಬೇಕು. ಕೆಲವು ಊರುಗಳಲ್ಲಿ ಅದು ಊರಾಡಳಿತದ ಆಸ್ತಿ, ಕೆಟ್ಟರೆ ಅವರೇ ಬರುತ್ತಾರೆ. ಕೆಲವು ಕಡೆ ಮನೆಯವರದೇ ಹೊಣೆ. ಹೊಸದು ಹಾಕಿಸಲು ಸಾವಿರಾರು ಡಾಲರ್. ಮನೆ ಕೊಳ್ಳುವವರು ಕಾಗದಕ್ಕೆ ಸಹಿ ಹಾಕುವ ಮುನ್ನ ಕೇಳಬೇಕಾದ ಪ್ರಶ್ನೆ ಇದು.

ನನ್ನ ಬಾಣಂತನಕ್ಕೆ ಹಾಸನದಿಂದ ಅಮ್ಮ ಬಂದಿದ್ದಾಗ ನಮ್ಮ ಪಂಪ್ ಒಮ್ಮೆ ಕೆಟ್ಟಿತು. ರಿಪೇರಿಯವರು ತಮ್ಮ ವ್ಯಾನಿನಲ್ಲಿ ಬಂದರು. ಮೊದಲು ವಿದ್ಯುತ್ ಪೆಟ್ಟಿಗೆ ಆರಿಸಿ ಬೀಗ ಹಾಕಿದರು. ಉದ್ದ ಕೈಗವಸು ತೊಟ್ಟು ಮುಚ್ಚಳ ಬಿಚ್ಚಿದರು. ಮೋಟಾರು, ಹಲ್ಲು, ತಿರುಪು ಎಲ್ಲವೂ ಸೇರಿ ಒಂದೇ ಭಾಗವಾಗಿರುವ ಯಂತ್ರವನ್ನು ಮೇಲಿನಿಂದಲೇ ಎಳೆದು ತೆಗೆದು, ಅದೇ ಜಾಗಕ್ಕೆ ಇನ್ನೊಂದನ್ನು ಇಳಿಸಿದರು. ಕೈತೊಳೆದು ಮಗುವನ್ನು ನೋಡಿ ನಕ್ಕು, ಅಮ್ಮ ಕೊಟ್ಟ ಕಾಫಿ ಕುಡಿದು ಹೋದರು.

“ಹಂಗಾದ್ರೆ ಇವರು ಒಳಕ್ಕೆ ಇಳಿಯೋದೇ ಇಲ್ವೇನೇ?” ಎಂದು ಅಮ್ಮ ಕೇಳಿದರು.

“ಇಲ್ಲಮ್ಮ, ಇಳಿಯೋ ಹಾಗೇ ಇಲ್ಲ.”

“ನಮ್ಮಲ್ಲಿ ರಾತ್ರಿ ಹೊತ್ತು ಬರೋರು ಕಣೇ. ಹಿತ್ತಿಲ ಬಾಗಿಲಿಂದ. ಇಳಿದು ಬಕೆಟ್ಟಲ್ಲಿ ಮೊಗೆಯೋರು. ಅವರಿಗೆ ಕಾಫಿ ಕೊಡ್ತಿದ್ದ ಲೋಟಾನೇ ಬೇರೆ. ಹೆಸರೂ ಕೇಳಲಿಲ್ಲ ನಾವು.”

ಅಮ್ಮನ ಈ ಮಾತಿಗಾಗಿಯೇ ನಾನು ಇದನ್ನೆಲ್ಲ ಬರೆಯುತ್ತಿರುವುದು. ತೊಟ್ಟಿಗಿಳಿಯುವುದು ಕೊಳೆಯ ಪ್ರಶ್ನೆಯಷ್ಟೇ ಅಲ್ಲ, ಜೀವದ ಪ್ರಶ್ನೆ. ಕೊಳೆಯುವ ಹೊಲಸಿನಿಂದ ಏಳುವ ಹೈಡ್ರೋಜನ್ ಸಲ್ಫೈಡ್ ಗಾಳಿಗಿಂತ ಭಾರ, ತಳದಲ್ಲೇ ನಿಲ್ಲುತ್ತದೆ. ಸ್ವಲ್ಪವಿದ್ದಾಗ ಕೊಳೆತ ಮೊಟ್ಟೆಯ ವಾಸನೆ. ಹೆಚ್ಚಾದಾಗ ಮೂಗೇ ಸತ್ತು ವಾಸನೆ ತಿಳಿಯುವುದಿಲ್ಲ, ವಾಸನೆ ಹೋಯಿತೆಂದು ಇಳಿದವನು ಏಳುವುದಿಲ್ಲ. ಅವನನ್ನು ಎತ್ತಲು ಹೋದ ಎರಡನೆಯವನೂ ಬೀಳುತ್ತಾನೆ. ಅಮೆರಿಕದಲ್ಲೂ ಹೀಗೆ ಜನ ಸತ್ತಿದ್ದಾರೆ. ಇಂಥ ಇಕ್ಕಟ್ಟಿನ ಜಾಗಗಳಿಗೆ ಕಾರ್ಮಿಕರನ್ನು ಇಳಿಸುವ ಮುನ್ನ ಗಾಳಿ ಪರೀಕ್ಷಿಸಬೇಕು, ಮೇಲೊಬ್ಬ ಕಾವಲಿರಬೇಕು, ಎತ್ತುವ ಏರ್ಪಾಡಿರಬೇಕು ಎಂಬ ನಿಯಮವನ್ನು ಇಲ್ಲಿನ ಸರಕಾರ ಹೊರಡಿಸಿದ್ದು 1993ರಲ್ಲಿ. ಭಾರತ ಮಲ ಹೊರುವ ಪದ್ಧತಿಯನ್ನು ನಿಷೇಧಿಸುವ ಮೊದಲ ಕಾಯಿದೆ ತಂದದ್ದೂ ಅದೇ 1993ರಲ್ಲಿ. ಅಮೆರಿಕದಲ್ಲಿ ಆ ಕೆಲಸ ಒಂದು ಕಸುಬು. ನಮ್ಮಲ್ಲಿ ಅದನ್ನು ಕೆಲವು ಜಾತಿಗಳ ಹಣೆಗೆ ಕಟ್ಟಿದ್ದೆವು, ಬಿಚ್ಚಿಲ್ಲ. ಈ ಪದ್ಧತಿಯ ವಿರುದ್ಧ ದೇಶವನ್ನು ಎಚ್ಚರಿಸಿದ, 2016ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಪಡೆದ ಬೆಜವಾಡ ವಿಲ್ಸನ್ ನಮ್ಮ ಕೋಲಾರ ಚಿನ್ನದ ಗಣಿಯಲ್ಲಿ ಹುಟ್ಟಿದವರು ಎಂಬುದನ್ನು ಕನ್ನಡಿಗರು ನೆನಪಿಡಬೇಕು.

ಇಂಥ ಪಂಪ್ ನಮ್ಮ ನಾಡಿಗೂ ಆಗಬಹುದೆ? ನಮ್ಮ ಕರಾವಳಿಯಲ್ಲಿ ಒಂದೇ ಹಿತ್ತಿಲಲ್ಲಿ ಬಾವಿಯೂ ಇದೆ, ಕಕ್ಕಸು ಗುಂಡಿಯೂ ಇದೆ. ನಡುವಿನ ಮುರಕಲ್ಲು ನೀರನ್ನು ತಡೆಯುವುದಿಲ್ಲ. ಮಡಿಕೇರಿಯಲ್ಲಿ, ಮಂಗಳೂರಿನ ಗುಡ್ಡಗಳಲ್ಲಿ ರಸ್ತೆಯಿಂದ ಮೆಟ್ಟಿಲಿಳಿದು ಹೋಗುವ ಮನೆಗಳಿವೆ. ಅಂಥ ಕಡೆ ಮನೆಪಂಪಿನ ಒಳಚರಂಡಿ ಯೋಚಿಸತಕ್ಕದ್ದು. ಆದರೆ ನಂಬಬಹುದಾದ ಕರೆಂಟು, ಹತ್ತಿರದಲ್ಲೇ ಬಿಡಿಭಾಗ, ಅಲಾರಾಂ ಕೂಗಿದಾಗ ಬರುವ ಜನ, ಈ ಮೂರೂ ಇಲ್ಲದ ಕಡೆ ಅದನ್ನು ತರುವುದು ಬೇಡ.

ಬೆಂಗಳೂರಿನಲ್ಲಿ ಈ ಪಂಪಿನ ಬಂಧುಗಳು ಈಗಾಗಲೇ ಬಂದಿವೆ. ನೆಲಮಾಳಿಗೆಯ ಶೌಚಾಲಯಗಳಿಗೆ ಕಟ್ಟರ್ ಪಂಪ್, ಅಪಾರ್ಟ್‌ಮೆಂಟುಗಳ ಕೊಳಚೆ ಶುದ್ಧೀಕರಣ ಘಟಕದ (ಎಸ್‌ಟಿಪಿ) ತೊಟ್ಟಿಗಳಲ್ಲಿ ಸೀವೇಜ್ ಪಂಪ್. ಆ ತೊಟ್ಟಿಗಳಿಗಿಳಿದ ಕಾರ್ಮಿಕರು ಸತ್ತ ಸುದ್ದಿಯನ್ನು ಪತ್ರಿಕೆಗಳಲ್ಲಿ ಮತ್ತೆ ಮತ್ತೆ ಓದಿದ್ದೇವೆ. ಪಂಪಿಗೆ ಬಟ್ಟೆಯೋ ಪ್ಯಾಡೋ ಸುತ್ತಿಕೊಂಡಾಗ ಬಿಡಿಸಲು ಒಬ್ಬರನ್ನು ಇಳಿಸುವುದು ಇನ್ನೂ ನಿಂತಿಲ್ಲ. ಇದಕ್ಕೆ ಉಪಾಯ ಹೊಸದೇನಲ್ಲ. ತೊಟ್ಟಿಯ ಗೋಡೆಗುಂಟ ಎರಡು ಕಂಬಿ ನಿಲ್ಲಿಸಿ, ಪಂಪಿಗೆ ಸರಪಳಿ ಕಟ್ಟಿದರೆ ಕಂಬಿಯಗುಂಟ ಅದು ಮೇಲಕ್ಕೇ ಬರುತ್ತದೆ, ಹಾಗೇ ಇಳಿದು ತನ್ನ ಜಾಗದಲ್ಲಿ ಕೂರುತ್ತದೆ. ಗೈಡ್ ರೈಲ್ ಎಂದು ಕೇಳಿದರೆ ಪಂಪ್ ಮಾರುವವರಿಗೆಲ್ಲ ಗೊತ್ತು.

ನಿಮ್ಮ ಕಟ್ಟಡದ ಸಂಘದ ಮುಂದಿನ ಸಭೆಯಲ್ಲಿ ಒಂದೇ ಪ್ರಶ್ನೆ ಕೇಳಿ: ನಮ್ಮ ಪಂಪನ್ನು ಮೇಲಿನಿಂದಲೇ ಎತ್ತಲು ಬರುತ್ತದೆಯೆ? ಇಲ್ಲವೆಂದರೆ ಕಂಬಿ ಹಾಕಿಸುವ ಖರ್ಚನ್ನು ಅಂದೇ ಮಂಜೂರು ಮಾಡಿಸಿ. ಸ್ವಂತ ಮನೆಯ ಗುಂಡಿ ತುಂಬಿದರೆ ಸಕ್ಕಿಂಗ್ ಯಂತ್ರದ ಲಾರಿಯನ್ನೇ ಕರೆಸಿ; ಬಂದವರು ತಾವೇ ಇಳಿಯುತ್ತೇವೆಂದರೂ ಬಿಡಬೇಡಿ. ಚರಂಡಿ, ಸೆಪ್ಟಿಕ್ ಟ್ಯಾಂಕುಗಳನ್ನು ಅಪಾಯಕರ ರೀತಿಯಲ್ಲಿ ಮನುಷ್ಯರಿಂದ ಶುಚಿ ಮಾಡಿಸುವುದು 2013ರ ಕಾಯಿದೆಯಡಿ ಅಪರಾಧ. ಮೊದಲ ಸಲಕ್ಕೇ 2 ವರ್ಷದವರೆಗೆ ಸೆರೆ, 2 ಲಕ್ಷ ರೂಪಾಯಿವರೆಗೆ ದಂಡ ಅಥವಾ ಎರಡೂ. ಚರಂಡಿಯಲ್ಲಿ ಸತ್ತವರ ಮನೆಯವರಿಗೆ 30 ಲಕ್ಷ ರೂಪಾಯಿ ಪರಿಹಾರ ಕೊಡಬೇಕೆಂದು ಸುಪ್ರೀಂ ಕೋರ್ಟ್ 2023ರ ಅಕ್ಟೋಬರಿನಲ್ಲಿ ಆದೇಶಿಸಿದೆ.